ವೆಂಟಿಲೇಟರ್ ಅಲಾರಂ ಕೂಗಿದಾಗ ಐಸಿಯುನಲ್ಲಿ ಏನು ನಡೆಯುತ್ತದೆ?

ಮನೆಯವರೊಬ್ಬರು ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಐದು ನಿಮಿಷ ನೋಡಿ ಬನ್ನಿ ಎಂದು ನಿಮ್ಮನ್ನು ಒಳಗೆ ಬಿಟ್ಟಿದ್ದಾರೆ. ಅಷ್ಟರಲ್ಲಿ ಯಂತ್ರ ಕೂಗಿಕೊಳ್ಳುತ್ತದೆ. ಮಾನಿಟರ್ ಮೇಲೆ 96 ಇದ್ದ ಆಮ್ಲಜನಕದ ಅಂಕಿ 90, 86, 82 ಎಂದು ಇಳಿಯುತ್ತದೆ. ನಿಮ್ಮನ್ನು ಹೊರಗೆ ಕಳಿಸಿ ಪರದೆ ಎಳೆಯುತ್ತಾರೆ. ಒಳಗೆ ಆಮೇಲೆ ನಡೆಯುವುದು ಗಡಿಬಿಡಿಯ ಓಡಾಟದಂತೆ ಕಂಡರೂ ಅದಕ್ಕೊಂದು ಕ್ರಮವಿದೆ.

ಮೊದಲು ರೋಗಿ, ಆಮೇಲೆ ಯಂತ್ರ

ಎಲ್ಲ ಅಲಾರಂಗಳೂ ಅಪಾಯದ ಸೂಚನೆಯಲ್ಲ. ರೋಗಿ ಕೆಮ್ಮಿದರೂ ಮಗ್ಗುಲು ಬದಲಿಸಿದರೂ ಯಂತ್ರ ಕೂಗಬಹುದು. ಆದ್ದರಿಂದ ವೈದ್ಯರು, ನರ್ಸ್, ರೆಸ್ಪಿರೇಟರಿ ಥೆರಪಿಸ್ಟ್ ಯಾರೇ ಬಂದರೂ ಮೊದಲು ನೋಡುವುದು ರೋಗಿಯನ್ನು: ಎದೆ ಏರಿಳಿಯುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ, ನಾಡಿ, ಬಿಪಿ ಹೇಗಿವೆ?

ಆಮ್ಲಜನಕ ನಿಜಕ್ಕೂ ಕುಸಿಯುತ್ತಿದ್ದರೆ ಸಾಮಾನ್ಯವಾಗಿ ವೆಂಟಿಲೇಟರ್ ಬಿಡಿಸಿ, ಕೈಯಲ್ಲಿ ಒತ್ತುವ ಚೀಲದಿಂದ ಶೇ. 100 ಆಮ್ಲಜನಕ ಕೊಡುತ್ತಾರೆ. ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಚೀಲ ಸುಲಭವಾಗಿ ಒತ್ತಿ, ರೋಗಿ ಚೇತರಿಸಿಕೊಂಡರೆ ಯಂತ್ರದಲ್ಲೋ ಅದರ ಪೈಪಿನಲ್ಲೋ ದೋಷವಿರುವ ಸಾಧ್ಯತೆ ಹೆಚ್ಚು. ಒತ್ತಲು ಗಟ್ಟಿಯಾಗಿದ್ದರೆ ತೊಂದರೆ ಗಂಟಲ ಟ್ಯೂಬಿನಲ್ಲಿ ಅಥವಾ ಎದೆಯೊಳಗೆ ಇರುತ್ತದೆ.

ನಾಲ್ಕು ಪ್ರಶ್ನೆಗಳು

ಟ್ಯೂಬ್ ಜಾಗ ಬಿಟ್ಟಿದೆಯೇ? ಟ್ಯೂಬಿನ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ತುಟಿಯ ಬಳಿ ನಿನ್ನೆ ಇದ್ದ ಅಂಕಿಯೇ ಇಂದೂ ಇರಬೇಕು. ಹೆಚ್ಚು ಒಳಗೆ ಜಾರಿದರೆ ಅದು ಸಾಮಾನ್ಯವಾಗಿ ಬಲ ಶ್ವಾಸನಾಳಕ್ಕೆ ಹೋಗುತ್ತದೆ, ಏಕೆಂದರೆ ಆ ನಾಳ ಹೆಚ್ಚು ಅಗಲ, ಹೆಚ್ಚು ನೇರ. ಆಗ ಎಡ ಶ್ವಾಸಕೋಶಕ್ಕೆ ಗಾಳಿ ಸಿಗುವುದಿಲ್ಲ. ಹೊರಗೆ ಬಂದಿದ್ದರೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಗೆರೆ ಮಾಯವಾಗುತ್ತದೆ.

ಟ್ಯೂಬ್ ಕಟ್ಟಿಕೊಂಡಿದೆಯೇ? ಕಫ ಗಟ್ಟಿಯಾಗಿರಬಹುದು, ರೋಗಿ ಹಲ್ಲಿನಿಂದ ಕಚ್ಚಿರಬಹುದು. ಸಕ್ಷನ್ ನಳಿಕೆ ಸರಾಗವಾಗಿ ಒಳಗೆ ಹೋಗದಿದ್ದರೆ ಉತ್ತರ ಅಲ್ಲಿಯೇ ಸಿಕ್ಕಂತೆ.

ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿದೆಯೇ? ಒಂದು ಬದಿಯಲ್ಲಿ ಉಸಿರಿನ ಸದ್ದಿಲ್ಲ, ಬಿಪಿ ಬೀಳುತ್ತಿದೆ ಎಂದಾದರೆ ಎಕ್ಸ್‌ರೇಗೆ ಕಾಯುವಷ್ಟು ಸಮಯವಿರುವುದಿಲ್ಲ. ಸೂಜಿ ಅಥವಾ ನಳಿಕೆ ಹಾಕಿ ಗಾಳಿಯನ್ನು ಹೊರಬಿಡಬೇಕಾಗುತ್ತದೆ.

ಯಂತ್ರದಲ್ಲಿ ದೋಷವೇ? ಪೈಪು ಕಳಚಿರಬಹುದು, ಅದರಲ್ಲಿ ನೀರು ನಿಂತಿರಬಹುದು, ಆಮ್ಲಜನಕದ ಪೂರೈಕೆಯೇ ನಿಂತಿರಬಹುದು.

ಎರಡು ಒತ್ತಡಗಳ ಲೆಕ್ಕ

ವೆಂಟಿಲೇಟರ್ ತೋರಿಸುವ ಎರಡು ಅಂಕಿಗಳು ಇಲ್ಲಿ ನೆರವಾಗುತ್ತವೆ. ಗಾಳಿ ಒಳಗೆ ನುಗ್ಗುವಾಗಿನ ಗರಿಷ್ಠ ಒತ್ತಡ ಪೀಕ್ ಪ್ರೆಶರ್. ಉಸಿರು ತುಂಬಿದ ಮೇಲೆ ಗಾಳಿಯನ್ನು ಕ್ಷಣಕಾಲ ತಡೆದು ಅಳೆಯುವುದು ಪ್ಲಾಟೋ ಪ್ರೆಶರ್. ಬಲೂನಿಗೆ ಕೊಳವೆಯಿಂದ ಗಾಳಿ ಊದುವುದನ್ನು ನೆನೆಸಿಕೊಳ್ಳಿ. ಊದುವಾಗ ಕೊಳವೆಯ ತಡೆ, ಬಲೂನಿನ ಬಿಗಿ ಎರಡೂ ಗೊತ್ತಾಗುತ್ತವೆ. ಊದುವುದನ್ನು ನಿಲ್ಲಿಸಿದರೆ ಉಳಿಯುವುದು ಬಲೂನಿನ ಬಿಗಿ ಮಾತ್ರ.

ಪೀಕ್ 45, ಪ್ಲಾಟೋ 20 ಇದ್ದರೆ ತಡೆ ಇರುವುದು ದಾರಿಯಲ್ಲಿ: ಕಫ, ಮಡಚಿದ ಟ್ಯೂಬ್ ಅಥವಾ ಆಸ್ತಮಾ. ಪೀಕ್ 45, ಪ್ಲಾಟೋ 38 ಇದ್ದರೆ ಶ್ವಾಸಕೋಶವೇ ಬಿಗಿದುಕೊಂಡಿದೆ, ಇಲ್ಲವೇ ಹೊರಗಿನಿಂದ ಒತ್ತಿಹೋಗಿದೆ: ನ್ಯುಮೋನಿಯಾ, ನೀರು ತುಂಬಿರುವುದು, ಸೋರಿದ ಗಾಳಿ. ಅಲಾರಂ ಒಂದೇ ಆದರೂ ಮದ್ದು ಬೇರೆ ಬೇರೆ.

ಹೆಚ್ಚು ಗಾಳಿ ಕೊಟ್ಟರೆ ಒಳ್ಳೆಯದಲ್ಲವೇ?

ಅಲ್ಲ. ತೀವ್ರ ಉರಿಯೂತದಿಂದ ಶ್ವಾಸಕೋಶ ಬಿಗಿಯುವ ಎಆರ್‌ಡಿಎಸ್ ಸ್ಥಿತಿಯಲ್ಲಿ ಗಾಳಿ ಹಿಡಿಯುವ ಭಾಗ ಸ್ವಲ್ಪವೇ ಉಳಿದಿರುತ್ತದೆ. ಅದನ್ನು ಅತಿಯಾಗಿ ಹಿಗ್ಗಿಸಿದರೆ ಮತ್ತಷ್ಟು ಹಾನಿ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 861 ರೋಗಿಗಳಿದ್ದರು. ಕೆ.ಜಿ.ಗೆ 12 ಮಿ.ಲೀ. ಬದಲು 6 ಮಿ.ಲೀ. ಉಸಿರು ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ ಶೇ. 31ಕ್ಕೆ ಇಳಿಯಿತು.

ಇಲ್ಲಿ ಕೆ.ಜಿ. ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 170 ಸೆಂ.ಮೀ. ಎತ್ತರದ ಗಂಡಸು 90 ಕೆ.ಜಿ. ಇದ್ದರೂ ಲೆಕ್ಕಕ್ಕೆ 66 ಕೆ.ಜಿ. ಮಾತ್ರ, ಒಂದು ಉಸಿರಿಗೆ ಸುಮಾರು 400 ಮಿ.ಲೀ. ಸಾಕು.

ಇಷ್ಟಾದರೂ ಆಮ್ಲಜನಕ ಏರದಿದ್ದರೆ ಬೋರಲು ಮಲಗಿಸುತ್ತಾರೆ. ಬೆನ್ನಿನ ಕಡೆ ಮುದುಡಿದ್ದ ಭಾಗಗಳು ಆಗ ತೆರೆದುಕೊಳ್ಳುತ್ತವೆ. ತೀವ್ರ ಎಆರ್‌ಡಿಎಸ್ ಇದ್ದವರನ್ನು ಒಮ್ಮೆಗೆ ಕನಿಷ್ಠ 16 ಗಂಟೆ ಹೀಗೆ ಮಲಗಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 28 ದಿನಗಳೊಳಗಿನ ಸಾವು ಶೇ. 32.8ರಿಂದ ಶೇ. 16ಕ್ಕೆ ಇಳಿದಿತ್ತು. ನಿಮ್ಮವರನ್ನು ಬೋರಲು ಮಲಗಿಸಿದ್ದು ಕಂಡರೆ ಹೆದರಬೇಡಿ, ಅದೂ ಚಿಕಿತ್ಸೆಯೇ.

ಮನೆಯವರು ಏನು ಮಾಡಬಹುದು?

ಟ್ಯೂಬ್, ಪೈಪು, ಯಂತ್ರದ ಗುಂಡಿ ಯಾವುದನ್ನೂ ಮುಟ್ಟಬೇಡಿ. ವೈದ್ಯರು ಮಾತಿಗೆ ಸಿಕ್ಕಾಗ ಈ ಮೂರನ್ನು ಕೇಳಿ: ತೊಂದರೆ ದಾರಿಯಲ್ಲಿತ್ತೋ ಶ್ವಾಸಕೋಶದಲ್ಲೋ? ಆಮ್ಲಜನಕದ ಅಗತ್ಯ ನಿನ್ನೆಗಿಂತ ಹೆಚ್ಚಿದೆಯೋ ಕಡಿಮೆಯಾಗಿದೆಯೋ? ವೆಂಟಿಲೇಟರ್ ಬಿಡಿಸಲು ಇನ್ನೇನು ಸುಧಾರಿಸಬೇಕು?

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ಟ್ಯೂಬ್ ಇರುವವರು ಮಾತಾಡಲಾರರು. ಮುಂಬೈನಲ್ಲೋ ದೆಹಲಿಯಲ್ಲೋ ಐಸಿಯುನಲ್ಲಿರುವ ಅಮ್ಮನಿಗೆ ಕನ್ನಡ ಮಾತ್ರ ಬರುವುದಾದರೆ, ಎಚ್ಚರವಾದಾಗ ಸುತ್ತಲಿನವರ ಮಾತೂ ಅರ್ಥವಾಗದು. ಅವರು ಭಯದಿಂದ ಒದ್ದಾಡಿದರೂ ಅಲಾರಂ ಕೂಗುತ್ತದೆ. ಇದನ್ನು ನರ್ಸ್‌ಗೆ ಮೊದಲೇ ತಿಳಿಸಿ. ‘ನೋವು’, ‘ಉಸಿರು ಕಟ್ಟುತ್ತಿದೆ’, ‘ಬಾಯಾರಿಕೆ’ ಎಂಬ ಮಾತುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಹಿಂದಿ ಅಥವಾ ಇಂಗ್ಲಿಷ್ ಅರ್ಥ ಬರೆದುಕೊಡಿ. ಅಮ್ಮ ಬೆರಳಿಟ್ಟು ತೋರಿಸಲಿ. ಓದು ಬಾರದಿದ್ದರೆ ಚಿತ್ರ ಬರೆದರೂ ಸಾಕು. ಉಸಿರು ಕಟ್ಟುತ್ತಿದೆ ಎಂದು ಆ ಬೆರಳು ತೋರಿಸಿದರೆ, ಎಲ್ಲಿ ನೋಡಬೇಕೆಂಬುದು ಅಲಾರಂ ಕೂಗುವ ಮೊದಲೇ ತಿಳಿಯಬಹುದು.