ನೀರಾವರಿಯ ಪ್ಲಾಸ್ಟಿಕ್ ಕೊಳವೆಗಳು ಸೀಳುವುದೇಕೆ?

ಕೊಳವೆಬಾವಿಯ ನೀರನ್ನು ಹೊಲತೋಟಗಳಿಗೆ ಸಾಗಿಸಲು ಈಗ ಬಹುಮಟ್ಟಿಗೆ ಪಿ.ವಿ.ಸಿ. ಕೊಳವೆಗಳನ್ನೇ ಉಪಯೋಗಿಸುವರು. ಇವು ಹಗುರವಾದುವು; ತುಕ್ಕು ಹಿಡಿಯತಕ್ಕವಲ್ಲ. ಆದರೆ ಕೆಲವು ವರ್ಷ ಚೆನ್ನಾಗಿ ನಡೆದ ಕೊಳವೆಯು ಒಂದು ದಿನ ಹಠಾತ್ತನೆ ಸೀಳಿ, ಬೆಳೆಯು ಬಾಡುವ ಕಾಲದಲ್ಲಿಯೇ ನೀರು ನಿಂತುಹೋಗುವುದುಂಟು. ಕಾರಣವನ್ನರಿತರೆ ಈ ನಷ್ಟವನ್ನು ಬಹುಪಾಲು ತಪ್ಪಿಸಬಹುದು.

ಪ್ಲಾಸ್ಟಿಕ್ ಎಂಬುದು ನೂಲಿನೆಳೆಗಳಂತೆ ಉದ್ದವಾದ ಅಣುಸರಪಣಿಗಳು ಹೆಣೆದುಕೊಂಡು ಆದ ವಸ್ತು. ಒತ್ತಡವು ಬಿದ್ದಾಗ ಈ ಎಳೆಗಳು ಬಲು ಮೆಲ್ಲಗೆ ಜಾರುವುವು. ಆದಕಾರಣ ಇದರ ಬಲವು ಒತ್ತಡದ ಪ್ರಮಾಣವನ್ನಲ್ಲದೆ, ಒತ್ತಡವಿರುವ ಕಾಲವನ್ನೂ ಅವಲಂಬಿಸಿರುವುದು. ಒಂದು ಗಂಟೆ ತಾಳಿದ ಒತ್ತಡವನ್ನು ಅದೇ ಕೊಳವೆಯು ಹತ್ತು ವರ್ಷ ತಾಳಲಾರದಿರಬಹುದು. ಶಾಖ ಹೆಚ್ಚಿದಷ್ಟೂ ಬಲವು ಕುಗ್ಗುವುದು.

ಕೊಳವೆಯು ಕೆಡುವ ರೀತಿ ಎರಡು. ಒತ್ತಡವು ಮಿತಿಮೀರಿದರೆ ಗೋಡೆಯು ಹಿಗ್ಗಿ, ಉಬ್ಬಿ, ತೆಳುವಾಗಿ ಹರಿಯುವುದು. ಎರಡನೆಯದು ಗುಪ್ತವಾದುದು: ಗೀರು ಬಿದ್ದಲ್ಲಿ ಅಥವಾ ಕಲ್ಲು ಒತ್ತಿದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಸಾಧಾರಣ ಒತ್ತಡದಲ್ಲಿಯೂ ದಿನೇ ದಿನೇ ಬೆಳೆದು, ಉಬ್ಬದೆಯೇ ಸೀಳುವುದು. ಗೋಡೆಯ ಮೇಲೆ ಸುತ್ತಳತೆಯ ಕಡೆಗೆ ಬೀಳುವ ಸೆಳೆತವು ಉದ್ದದ ಕಡೆಯ ಸೆಳೆತದ ಎರಡರಷ್ಟಿರುವುದರಿಂದ, ಸೀಳು ಸಾಮಾನ್ಯವಾಗಿ ಉದ್ದುದ್ದವಾಗಿರುವುದು.

ಒಂದು ಲೆಕ್ಕವನ್ನು ನೋಡೋಣ. 10 ಮೀಟರು ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡವನ್ನು ಕೊಡುವುದು. ಪಂಪಿಗಿಂತ 30 ಮೀಟರು ಎತ್ತರದ ಜಮೀನಿಗೆ 3 ಕಿಲೋಗ್ರಾಂ ಆಯಿತು. 4 ಕಿಲೋಗ್ರಾಂ ದರ್ಜೆಯ ಕೊಳವೆ ಸಾಕೆಂದು ತೋರಬಹುದು. ಆದರೆ ಸೆಕೆಂಡಿಗೆ 1 ಮೀಟರು ವೇಗದಿಂದ ಹರಿಯುವ ನೀರನ್ನು ವಾಲ್ವು ಮುಚ್ಚಿ ಒಮ್ಮೆಗೇ ತಡೆದರೆ, ಪಿ.ವಿ.ಸಿ. ಕೊಳವೆಯಲ್ಲಿ ಇನ್ನೂ 3 ರಿಂದ 4 ಕಿಲೋಗ್ರಾಂ ಒತ್ತಡವು ಕ್ಷಣಮಾತ್ರ ಏರುವುದು. ವಿದ್ಯುತ್ತು ನಿಂತಾಗ ಏರುಕೊಳವೆಯ ನೀರು ಹಿಂದಿರುಗಿ ಮುಚ್ಚಿದ ವಾಲ್ವಿಗೆ ಅಪ್ಪಳಿಸುವುದೂ ಇಂಥದೇ ಪೆಟ್ಟು. ಹೀಗೆ ಒಟ್ಟು ಒತ್ತಡವು 6 ಅಥವಾ 7 ಕಿಲೋಗ್ರಾಂ ಆಗುವುದು.

ಆದ್ದರಿಂದ ಜಮೀನುದಾರರು ಗಮನಿಸತಕ್ಕ ಅಂಶಗಳು:

1. ಎತ್ತರದ ಒತ್ತಡಕ್ಕೆ ನೀರಿನ ಪೆಟ್ಟನ್ನೂ ಸೇರಿಸಿ ಕೊಳವೆಯ ದರ್ಜೆಯನ್ನು ಗೊತ್ತುಮಾಡತಕ್ಕದ್ದು. ಮೇಲಿನ ಉದಾಹರಣೆಗೆ 8 ಕಿಲೋಗ್ರಾಂ ದರ್ಜೆಯದು ಯುಕ್ತ.
2. ವಾಲ್ವನ್ನು ನಿಧಾನವಾಗಿ ತಿರುಗಿಸಿ ಮುಚ್ಚತಕ್ಕದ್ದು.
3. ಕಾಲುವೆಯ ತಳಕ್ಕೆ ಮರಳು ಅಥವಾ ನಯವಾದ ಮಣ್ಣನ್ನು ಹಾಸಿ, ಕಲ್ಲು ತಗಲದಂತೆ ಕೊಳವೆಯನ್ನು ಹೂಳತಕ್ಕದ್ದು.
4. ಕೊಳವೆಗಳನ್ನು ನೆಲದ ಮೇಲೆ ಎಳೆಯಕೂಡದು. ಬಿಸಿಲಿನಲ್ಲಿ ಬಹುಕಾಲ ಬಿಡಕೂಡದು. ಬಿಸಿಲಿನಿಂದ ಅವು ಪೆಡಸಾಗುವುವು.

ದರ್ಜೆಯಲ್ಲಿ ಉಳಿಸಿದ ಹಣವು ಬೆಳೆಯಲ್ಲಿ ಕಳೆಯದಂತೆ ನೋಡಿಕೊಳ್ಳುವುದೇ ವಿವೇಕ. ತಿಳಿದವರು ಈ ಸಂಗತಿಗಳನ್ನು ತಮ್ಮ ಗ್ರಾಮದ ರೈತರಿಗೆ ತಿಳಿಯಪಡಿಸಿದರೆ ಮಹದುಪಕಾರವಾಗುವುದು.