ಲಕ್ವ, ಗಾಳಿ ಮತ್ತು ಮೌನ ಗಾಯಗಳು: ಕಡೂರು ಸೀಮೆಯ ಕೆರೆಯ ಪರಿಭಾಷೆಯಲ್ಲಿ ಮೆದುಳಿನ ರಕ್ತಸ್ರಾವ

ಮನುಷ್ಯನ ದೇಹದ ಒಂದು ಪಾರ್ಶ್ವ ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವ ಸ್ಥಿತಿಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ‘ಪಕ್ಷಾಘಾತ’, ‘ಪಾರ್ಶ್ವವಾಯು’ ಎಂಬ ಮಾತುಗಳು ಆಯುರ್ವೇದದಿಂದ ಬಂದವು. ಚರಕಸಂಹಿತೆಯು ಪಕ್ಷಾಘಾತವನ್ನು ವಾತವ್ಯಾಧಿಗಳಲ್ಲಿ ಎಣಿಸುತ್ತದೆ. ‘ಲಕ್ವ’ ಅರಬ್ಬಿ ಮೂಲದ್ದು. ಅಲ್ಲಿ ಅದು ಮುಖ ಸೊಟ್ಟಗಾಗುವ ರೋಗದ ಹೆಸರು. ಜನರಾಡುವ ಮಾತಿನಲ್ಲಿ ಲಕ್ವ ‘ಹೊಡೆಯುತ್ತದೆ’, ಗಾಳಿ ‘ಬಡಿಯುತ್ತದೆ’. ಈ ಕ್ರಿಯಾಪದಗಳಲ್ಲಿ ಎರಡು ನಂಬಿಕೆಗಳು ಅಡಗಿವೆ: ರೋಗ ಹೊರಗಿನಿಂದ ಬರುತ್ತದೆ; ಅದು ಒಂದೇ ಏಟಿಗೆ ಎರಗುತ್ತದೆ. ಇಂದಿನ ವೈದ್ಯವಿಜ್ಞಾನ ಮೊದಲನೆಯದನ್ನು ಒಪ್ಪುವುದಿಲ್ಲ. ಎರಡನೆಯದನ್ನು ಅರ್ಧ ಮಾತ್ರ ಒಪ್ಪುತ್ತದೆ.

ಲಕ್ವಕ್ಕೆ ಮುಖ್ಯವಾಗಿ ಎರಡು ಕಾರಣಗಳು. ರಕ್ತನಾಳ ಮುಚ್ಚಿಹೋಗಿ ಮೆದುಳಿನ ಭಾಗವೊಂದು ರಕ್ತವಿಲ್ಲದೆ ಸಾಯುವುದು ಒಂದು. ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಹರಿಯುವುದು ಮತ್ತೊಂದು. ಇವು ಪರಸ್ಪರ ವಿರುದ್ಧವೆಂಬುದು ಬಹುಕಾಲದ ತಿಳಿವಳಿಕೆ. ಆದರೆ ರಕ್ತಸ್ರಾವವಾದವರ ಮೆದುಳನ್ನು ಎಂ.ಆರ್.ಐ. ಮೂಲಕ ಪರೀಕ್ಷಿಸಿದಾಗ, ಸ್ರಾವದಿಂದ ದೂರದಲ್ಲಿ ರಕ್ತಕೊರತೆಯ ಸಣ್ಣ ಗಾಯಗಳು ಕಂಡುಬಂದವು. ರೋಗಿಯಲ್ಲಿ ಪ್ರತ್ಯೇಕ ಲಕ್ಷಣವನ್ನೇನೂ ತೋರದ ಕಾರಣ ಇವುಗಳಿಗೆ ‘ಮೌನ’ ಗಾಯಗಳೆಂಬ ಹೆಸರು ಬಂದಿತು. ಅಮೆರಿಕದ 600 ರೋಗಿಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಇವು ಇದ್ದವು. ಇದ್ದವರ ಚೇತರಿಕೆಯೂ ಕುಂಠಿತವಾಗಿತ್ತು. ಸಾಮಾನ್ಯ ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ಕೂಡಲೇ ತೋರಿಸುತ್ತದೆಯಾದರೂ ಈ ಚುಕ್ಕೆಗಳನ್ನು ಬಹುಮಟ್ಟಿಗೆ ತೋರಿಸಲಾರದು.

ಒಡೆಯುವುದು ಮತ್ತು ಒಣಗುವುದು ಒಂದೇ ಕಾಲಕ್ಕೆ ಹೇಗೆ ಸಾಧ್ಯವೆಂಬುದನ್ನು ಕಡೂರು ಸೀಮೆಯ ಕೆರೆಯ ಪರಿಭಾಷೆ ಚೆನ್ನಾಗಿ ವಿವರಿಸಬಲ್ಲದು. ಅಯ್ಯನಕೆರೆಯಿಂದ ಹರಿಯುವ ವೇದಾ, ಮದಗದ ಕೆರೆಯಿಂದ ಹರಿಯುವ ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮದಗದ ಕೆರೆಗೆ ಬಂದ ಮಳೆಯ ಹಾಡು ನಾಡಿನೆಲ್ಲೆಡೆ ಪ್ರಸಿದ್ಧವಾದುದು. ಏರಿ, ತೂಬು, ಕೋಡಿ, ಕಾಲುವೆಗಳನ್ನು ಬಲ್ಲ ಈ ಭಾಗದ ರೈತನಿಗೆ ಏರಿ ಒಡೆದರೆ ಕೆಳಗಿನ ಹೊಲ ಮುಳುಗುವುದೂ, ಅದೇ ಹೊತ್ತಿಗೆ ಕಾಲುವೆಯ ಕೊನೆಯ ಗದ್ದೆಗೆ ನೀರು ತಪ್ಪುವುದೂ ಹೊಸ ಸಂಗತಿಯಲ್ಲ. ಹಲವು ವರ್ಷಗಳ ಅಧಿಕ ರಕ್ತದೊತ್ತಡವು ಮೆದುಳಿನ ಒಳಗಿನ ಸೂಕ್ಷ್ಮ ನಾಳಗಳ ಗೋಡೆಯನ್ನು ಕೆಡಿಸುತ್ತದೆ. ಕೆಟ್ಟ ಗೋಡೆ ಒಂದೆಡೆ ಒಡೆಯುತ್ತದೆ. ಮತ್ತೊಂದೆಡೆ ದಪ್ಪವಾಗಿ, ಹೂಳು ತುಂಬಿದ ಕಾಲುವೆಯಂತೆ ದಾರಿ ಕಟ್ಟುತ್ತದೆ. ವಯೋವೃದ್ಧರಲ್ಲಿ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಸಂಚಯವಾಗುವುದೂ ಇಂಥದೇ ಪರಿಣಾಮವನ್ನುಂಟುಮಾಡುತ್ತದೆ.

ಚಿಕಿತ್ಸೆಯ ತೊಡಕು ಇಲ್ಲಿಯೇ ಇದೆ. ಸ್ರಾವ ಹೆಚ್ಚದಿರಲು ಒತ್ತಡವನ್ನು ಇಳಿಸಬೇಕು. ಅತಿಯಾಗಿ ಇಳಿಸಿದರೆ ಕೊನೆಯ ಗದ್ದೆ ಒಣಗುವ ಭಯವಿದೆ. ಮೇಲ್ಕಂಡ ಅಧ್ಯಯನದಲ್ಲಿಯೂ ಒತ್ತಡದ ಹೆಚ್ಚಿನ ಇಳಿತಕ್ಕೂ ಮೌನ ಗಾಯಗಳಿಗೂ ಸಂಬಂಧ ಕಂಡುಬಂದಿತು. ಆದರೆ ಸಂಬಂಧವೆಂದ ಮಾತ್ರಕ್ಕೆ ಕಾರಣವೆಂದು ತೀರ್ಮಾನಿಸಲಾಗದು. ಅಮೆರಿಕದ 2022ರ ಮಾರ್ಗಸೂಚಿಯು ಸೌಮ್ಯ ಹಾಗೂ ಮಧ್ಯಮ ತೀವ್ರತೆಯ ಸ್ರಾವದಲ್ಲಿ ಮೇಲಿನ ಒತ್ತಡವನ್ನು 140ರ ಆಸುಪಾಸಿಗೆ ತರುವುದನ್ನು ಸೂಚಿಸಿ, 130ಕ್ಕಿಂತ ಕೆಳಗಿಳಿಸುವುದು ಹಾನಿಕರವಾಗಬಹುದೆಂದು ಎಚ್ಚರಿಸಿತು.

ಜಾನಪದದ ದೃಷ್ಟಿಯಿಂದ ಗಮನಾರ್ಹವಾದುದು ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ. ಇಂತಹ ಗಾಯಗಳು ಹಲವಾರು ಸೇರಿದಾಗ ಮರೆವು, ಮಂದಗತಿ, ನಡಿಗೆಯ ಅಸ್ಥಿರತೆ ಉಂಟಾಗಬಹುದು. ಹೊಡೆತವೆಂದು ಕಾಣದ್ದರಿಂದ ಇವುಗಳನ್ನು ಯಾರೂ ಲಕ್ವವೆನ್ನುವುದಿಲ್ಲ. ಗಾದೆ ಅವನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಏಟನ್ನು ಹೆಸರಿಸಿದ ಭಾಷೆಯು ಸವೆತವನ್ನು ಹೆಸರಿಸಲಿಲ್ಲ. ತಲೆಸುತ್ತು ನಿಂತಿತೆಂದು ಒತ್ತಡದ ಮಾತ್ರೆಯನ್ನು ಬಿಡುವ ರೂಢಿಯ ಹಿಂದೆಯೂ ಕಾಣದ ರೋಗ ಇಲ್ಲವೆಂಬ ಇದೇ ತರ್ಕವಿದೆ.

ನಾಡಿನ ಹಲವೆಡೆ ಲಕ್ವಕ್ಕೆ ಪಾರಿವಾಳದ ರಕ್ತವನ್ನು ಹಚ್ಚುವ ಪದ್ಧತಿ ದಾಖಲೆಗೆ ಯೋಗ್ಯವಾದುದು, ಅನುಸರಣೆಗಲ್ಲ. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ ಮಾತ್ರ ಇದೆ. ರಕ್ತಸ್ರಾವವಾದವರಿಗೆ ಅದೇ ಔಷಧಿ ಮಾರಕ. ಎರಡನ್ನೂ ಬೇರ್ಪಡಿಸಿ ಹೇಳುವುದು ಸ್ಕ್ಯಾನ್ ಒಂದೇ. ಆದುದರಿಂದ ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಕಳೆಯುವ ಮೊದಲ ಗಂಟೆಗಳೇ ನಿರ್ಣಾಯಕ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಂತಹ ಪ್ರಯತ್ನಗಳು ಜನರ ಮಾತಿನಲ್ಲಿಯೇ ಜನರನ್ನು ತಲುಪಬೇಕಾಗಿದೆ. ಏರಿ ಒಡೆಯುವ ಮೊದಲೇ ಹೂಳೆತ್ತಬೇಕೆಂಬ ವಿವೇಕ ಈ ಸೀಮೆಗೆ ಹೊಸತಲ್ಲ. ಅದನ್ನು ಕೆರೆಯಿಂದ ದೇಹಕ್ಕೆ ವಿಸ್ತರಿಸುವುದಷ್ಟೇ ಉಳಿದಿರುವ ಕೆಲಸ.