ಮನೆ ಸಾಲದ ಕಂತು ಕಟ್ಟಲಾಗದಿದ್ದರೆ



ಕಂತು ತಪ್ಪಿದಾಗ ನಮ್ಮಲ್ಲಿ ಹಲವರು ಬ್ಯಾಂಕಿನ ಫೋನ್ ಎತ್ತುವುದನ್ನೇ ಬಿಡುತ್ತೇವೆ. ಹಾಗೆ ಮಾಡುವುದು ಬೇಡ. ಬಾಕಿ 90 ದಿನ ದಾಟಿದರೆ ಸಾಲ ‘ಎನ್‌ಪಿಎ’ ಆಗುತ್ತದೆ. ಆಮೇಲೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು ಮನೆ ವಶಪಡಿಸಿಕೊಳ್ಳಬಹುದು.

ಅದಕ್ಕೂ ಮೊದಲೇ ಶಾಖೆಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸುವಂತೆ ಲಿಖಿತ ಅರ್ಜಿ ಕೊಡೋಣ. ವರಮಾನ ಕುಗ್ಗಿದ್ದಕ್ಕೆ ದಾಖಲೆ ಲಗತ್ತಿಸಿ ಸ್ವೀಕೃತಿ ಪಡೆಯೋಣ. ಅವಧಿ ಹೆಚ್ಚಿದರೆ ಒಟ್ಟು ಬಡ್ಡಿಯೂ ಹೆಚ್ಚುತ್ತದೆ. ಲೆಕ್ಕ ಕೇಳಿಯೇ ಒಪ್ಪಬೇಕು. ಮಲಯಾಳ, ತಮಿಳು, ಮರಾಠಿ, ತೆಲುಗು, ಯಾವ ಭಾಷೆಯ ಪತ್ರವಾದರೂ ಬಲ್ಲವರಿಂದ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಅರ್ಜಿ ಒಪ್ಪುವುದು ಬ್ಯಾಂಕಿಗೆ ಬಿಟ್ಟದ್ದು. ಆದರೆ ಸೇವೆಯ ಲೋಪದ ಬಗ್ಗೆ ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.